ಡಿವಿಡಿ ಮೆನುಗೆ ಯಾವ ಸಾಫ್ಟ್‌ವೇರ್ ಸರಿ? ಕನ್ನಡದಲ್ಲಿ ಮೆನು ಬೇಕಾದವರಿಗೆ ಒಂದು ಹೋಲಿಕೆ

ಮದುವೆ, ಉಪನಯನ, ಶಾಲೆಯ ವಾರ್ಷಿಕೋತ್ಸವ, ರಾತ್ರಿಯಿಡೀ ನಡೆದ ಯಕ್ಷಗಾನ. ಇವುಗಳ ವಿಡಿಯೋ ಈಗ ಪೆನ್‌ಡ್ರೈವ್‌ನಲ್ಲೋ ಫೋನ್‌ನಲ್ಲೋ ಇರುತ್ತದೆ. ಆದರೂ ಟಿವಿ ಪಕ್ಕದಲ್ಲಿ ಡಿವಿಡಿ ಪ್ಲೇಯರ್ ಇಟ್ಟುಕೊಂಡ ಮನೆಗಳು ಇನ್ನೂ ಇವೆ. ಅಲ್ಲಿ ಕೂತು ನೋಡುವವರು ಹೆಚ್ಚಾಗಿ ಹಿರಿಯರು. ಫೋಲ್ಡರ್ ತೆರೆದು ಫೈಲ್ ಹುಡುಕುವುದು ಅವರಿಗೆ ಒಗ್ಗುವುದಿಲ್ಲ. ಡಿಸ್ಕ್ ಹಾಕಬೇಕು, ಬಾಣದ ಗುಂಡಿ ಒತ್ತಿ ‘ಧಾರೆ’ ಅಂತ ಬರೆದಲ್ಲಿಗೆ ಹೋಗಬೇಕು, ಓಕೆ ಒತ್ತಿದರೆ ಧಾರೆ ಶುರುವಾಗಬೇಕು. ಈ ಕೆಲಸ ಮಾಡುವುದು ಮೆನು.

ಮೆನು ಮಾಡುವ ಸಾಫ್ಟ್‌ವೇರ್ ಹುಡುಕಿದರೆ ಎಲ್ಲರೂ ಮೊದಲು ತೋರಿಸುವುದು ಟೆಂಪ್ಲೇಟ್‌ಗಳ ಸಂಖ್ಯೆ. ಹೂವಿನ ಚೌಕಟ್ಟು, ಹಾರುವ ಹೃದಯ, ತಿರುಗುವ ಉಂಗುರ. ಇದನ್ನು ನೋಡಿ ಆರಿಸಬೇಡಿ ಅಂತ ನನ್ನ ಖಡಾಖಂಡಿತ ಸಲಹೆ. ನೋಡಬೇಕಾದದ್ದು ಬೇರೆ ಇದೆ. ನೀವೇ ಮಾಡಿದ ಚಿತ್ರವನ್ನು ಹಿನ್ನೆಲೆಯಾಗಿ ಹಾಕಲು ಅದು ಬಿಡುತ್ತದೆಯೇ? ಬಟನ್‌ಗಳನ್ನು ನಿಮಗೆ ಬೇಕಾದ ಜಾಗದಲ್ಲಿ ಇಡಬಹುದೇ? ರಿಮೋಟ್‌ನಲ್ಲಿ ಕೆಳಬಾಣ ಒತ್ತಿದರೆ ಯಾವ ಬಟನ್‌ಗೆ ಹೋಗಬೇಕು, ವಿಡಿಯೋ ಮುಗಿದ ಮೇಲೆ ಎಲ್ಲಿಗೆ ವಾಪಸ್ ಬರಬೇಕು ಅನ್ನುವುದನ್ನು ನೀವು ಹೇಳಬಹುದೇ? ಇಷ್ಟಕ್ಕೆ ಹೌದು ಅನ್ನುವ ಸಾಫ್ಟ್‌ವೇರ್ ನೋಡಲು ಬೋಳಾಗಿದ್ದರೂ ಪರವಾಗಿಲ್ಲ. ನಮ್ಮ ಕೆಲಸಕ್ಕೆ ಅದೇ ಬೇಕು.

ಮೆನು ಒಳಗೆ ಏನಿರುತ್ತದೆ

ಇದನ್ನು ಸ್ವಲ್ಪ ತಿಳಿದುಕೊಂಡರೆ ಹೋಲಿಕೆ ಸುಲಭವಾಗುತ್ತದೆ. ಮೊದಲ ಡಿವಿಡಿ ಪ್ಲೇಯರ್‌ಗಳು 1996ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದವು. ಆ ಕಾಲದ ನಿಯಮಗಳೇ ಇವತ್ತಿಗೂ ನಡೆಯುತ್ತಿವೆ. ಮೆನು ಅನ್ನುವುದು ಒಂದು ಎಂಪೆಗ್-2 (ಡಿವಿಡಿಗೆ ವಿಡಿಯೋವನ್ನು ಕುಗ್ಗಿಸಿಡುವ ವಿಧಾನ) ವಿಡಿಯೋ ತುಣುಕು. ನಿಂತ ಚಿತ್ರವಾದರೂ ಅಷ್ಟೇ, ಚಲಿಸುವುದಾದರೂ ಅಷ್ಟೇ. ಅದರ ಮೇಲೆ ಪಾರದರ್ಶಕ ಹಾಳೆಯಂತೆ ಇನ್ನೊಂದು ಪದರ ಕೂರುತ್ತದೆ. ನೀವು ಬಾಣ ಒತ್ತಿದಾಗ ಬಣ್ಣ ಬದಲಾಗುವುದು, ಅಂದರೆ ಹೈಲೈಟ್ ಆಗುವುದು, ಈ ಮೇಲಿನ ಪದರದಲ್ಲಿ ಮಾತ್ರ. ಕೆಳಗಿನ ಚಿತ್ರ ಏನೂ ಆಗದೆ ಹಾಗೇ ಇರುತ್ತದೆ.

ಈ ಪದರಕ್ಕೆ ಒಟ್ಟು ನಾಲ್ಕೇ ಬಣ್ಣ. ಅದರಲ್ಲಿ ಒಂದು ಸಾಮಾನ್ಯವಾಗಿ ‘ಏನೂ ಇಲ್ಲ’ ಅನ್ನುವ ಪಾರದರ್ಶಕ ಬಣ್ಣ. ಉಳಿದದ್ದು ಮೂರು. ಹಾಗಾಗಿ ಫೋಟೋಶಾಪ್‌ನಲ್ಲಿ ಕಾಣುವಂಥ ನಯವಾದ ಹೊಳಪು, ಮೆಲ್ಲಗೆ ಕರಗುವ ನೆರಳು ಇಲ್ಲಿ ಬರುವುದಿಲ್ಲ. ಅಂಚು ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ಯಾವ ದುಬಾರಿ ಸಾಫ್ಟ್‌ವೇರ್ ತಂದರೂ ಈ ಮಿತಿ ದಾಟಲು ಆಗುವುದಿಲ್ಲ. ಇದು ಗೊತ್ತಿದ್ದರೆ ‘ಹೈಲೈಟ್ ಚೆನ್ನಾಗಿಲ್ಲ’ ಅಂತ ಸಾಫ್ಟ್‌ವೇರ್ ಬದಲಾಯಿಸುತ್ತಾ ಕೂರುವುದು ತಪ್ಪುತ್ತದೆ.

ಅದಕ್ಕೇ ನಾನು ಹೇಳುವುದು, ಅಕ್ಷರಗಳ ಬಣ್ಣವನ್ನೇ ಬದಲಿಸುವ ಹೈಲೈಟ್ ಬೇಡ. ಹೆಸರಿನ ಎಡಗಡೆ ಒಂದು ಸಣ್ಣ ಚೌಕ, ಅಥವಾ ಹೆಸರಿನ ಕೆಳಗೆ ದಪ್ಪ ಗೆರೆ ಸಾಕು. ಕನ್ನಡ ಅಕ್ಷರಗಳು ಗುಂಡಗೆ, ಸುತ್ತಿಕೊಂಡು ಇರುತ್ತವೆ ಅಲ್ವಾ. ನಾಲ್ಕು ಬಣ್ಣದ ಪದರದಲ್ಲಿ ಆ ಸುತ್ತುಗಳೆಲ್ಲ ಒರಟಾಗಿಬಿಡುತ್ತವೆ. ಚೌಕಕ್ಕೂ ಗೆರೆಗೂ ಆ ತೊಂದರೆ ಇಲ್ಲ.

ಇನ್ನು ಒಂದು ಮೆನು ಪುಟದಲ್ಲಿ 36 ಬಟನ್ ತನಕ ಇಡಲು ನಿಯಮ ಬಿಡುತ್ತದೆ. ಅಗಲ ಪರದೆಯ 16:9 ಮೆನು ಆದರೆ ಇದು 18ಕ್ಕೆ ಇಳಿಯಬಹುದು. ನನ್ನ ಲೆಕ್ಕದಲ್ಲಿ ಆರು ಏಳು ದಾಟಿದರೆ ಹಿರಿಯರಿಗೆ ಗೊಂದಲ. ಜಾಸ್ತಿ ಇದ್ದರೆ ಎರಡನೇ ಪುಟ ಮಾಡಿ.

ಕನ್ನಡ ಅಕ್ಷರದ ಪರೀಕ್ಷೆ

ಈ ವಿಷಯ ಬೇರೆ ಭಾಷೆಯ ಹೋಲಿಕೆಗಳಲ್ಲಿ ಸಿಗುವುದೇ ಇಲ್ಲ. ನಮಗೆ ಮಾತ್ರ ಇದೇ ಮುಖ್ಯ. ಡಿವಿಡಿ ಸಾಫ್ಟ್‌ವೇರ್‌ಗಳಲ್ಲಿ ಹೆಚ್ಚಿನವು ಹಳೆಯವು. ಇಂಗ್ಲಿಷ್ ಅಕ್ಷರ ಒಂದರ ಪಕ್ಕ ಒಂದು ಕೂರುತ್ತದೆ. ಕನ್ನಡದಲ್ಲಿ ಹಾಗಲ್ಲ. ಒತ್ತಕ್ಷರ ಕೆಳಗೆ ಹೋಗಬೇಕು, ಅರ್ಕಾವತ್ತು ಅಕ್ಷರದ ಬಲಕ್ಕೆ ಹೋಗಬೇಕು. ಯೂನಿಕೋಡ್ ಕನ್ನಡವನ್ನು ಹೀಗೆ ಜೋಡಿಸುವ ಶಕ್ತಿ ಸಾಫ್ಟ್‌ವೇರ್‌ಗೆ ಇಲ್ಲದಿದ್ದರೆ ಪದ ಒಡೆದುಹೋಗುತ್ತದೆ.

ಒಂದೇ ಒಂದು ಪದ ಟೈಪ್ ಮಾಡಿ ನೋಡಿದರೆ ಗೊತ್ತಾಗುತ್ತದೆ: ನಿಶ್ಚಿತಾರ್ಥ. ಇದರಲ್ಲಿ ಒತ್ತಕ್ಷರವೂ ಇದೆ, ಅರ್ಕಾವತ್ತೂ ಇದೆ, ಗುಣಿತವೂ ಇದೆ. ಅದು ‘ನಿಶ್‌ಚಿತಾರ್‌ಥ’ ಅಂತ ಬಿಡಿಬಿಡಿಯಾಗಿ ಬಂದರೆ, ಅಥವಾ ಚೌಕದ ಡಬ್ಬಿಗಳು ಬಂದರೆ, ಆ ಸಾಫ್ಟ್‌ವೇರ್‌ನ ಅಕ್ಷರ ಉಪಕರಣವನ್ನು ಕನ್ನಡಕ್ಕೆ ನಂಬಬೇಡಿ. ಹಾಗಂತ ಆ ಸಾಫ್ಟ್‌ವೇರ್ ಬಿಟ್ಟೇ ಬಿಡಬೇಕು ಅಂತೇನೂ ಇಲ್ಲ. ದಾರಿ ಇದೆ.

ಅಕ್ಷರಗಳನ್ನು ಬೇರೆ ಕಡೆ ಬರೆದು ಚಿತ್ರವಾಗಿ ತನ್ನಿ. ಜಿಂಪ್ ಮತ್ತು ಇಂಕ್‌ಸ್ಕೇಪ್ ಎರಡೂ ಚಿತ್ರ ಮಾಡುವ ಉಚಿತ ಸಾಫ್ಟ್‌ವೇರ್‌ಗಳು. ಎರಡರಲ್ಲೂ ಯೂನಿಕೋಡ್ ಕನ್ನಡ ಸರಿಯಾಗಿ ಮೂಡುತ್ತದೆ. ಫೋಟೋಶಾಪ್ ಇದ್ದರೆ, ಹೊಸ ಆವೃತ್ತಿಗಳಲ್ಲಿ ಅಕ್ಷರದ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಆನ್ ಮಾಡಬೇಕು. ಇಲ್ಲದಿದ್ದರೆ ಅಲ್ಲೂ ಒತ್ತಕ್ಷರ ಕೈಕೊಡಬಹುದು. ಹಳೆಯ ಫೋಟೋಶಾಪ್ ಇಟ್ಟುಕೊಂಡ ಸ್ಟುಡಿಯೋದವರು ನುಡಿ, ಬರಹದ ಹಳೆ ಆಸ್ಕಿ ಫಾಂಟ್‌ಗಳಲ್ಲೇ ಕೆಲಸ ಮಾಡುತ್ತಾರೆ. ಆ ಫಾಂಟ್‌ಗಳಲ್ಲಿ ಒತ್ತು, ಕೊಂಬು ಎಲ್ಲವೂ ಬೇರೆ ಬೇರೆ ಚೂರುಗಳಾಗಿ ಇರುವುದರಿಂದ ಯಾವ ಸಾಫ್ಟ್‌ವೇರ್‌ನಲ್ಲೂ ಒಡೆಯದೆ ಬರುತ್ತವೆ. ಮೆನುವಿನಲ್ಲಿ ಕೊನೆಗೆ ಉಳಿಯುವುದು ಬರೀ ಚಿತ್ರ. ಆದ್ದರಿಂದ ಇಲ್ಲಿ ಆಸ್ಕಿ ಬಳಸಿದರೂ ನಷ್ಟವಿಲ್ಲ.

ಹೀಗೆ ಹಿನ್ನೆಲೆ, ಶೀರ್ಷಿಕೆ, ಬಟನ್‌ಗಳ ಹೆಸರು ಎಲ್ಲವನ್ನೂ ಒಂದೇ ಚಿತ್ರವಾಗಿ ಮಾಡಿ. ನಂತರ ಮೆನು ಸಾಫ್ಟ್‌ವೇರ್‌ನಲ್ಲಿ ಅದನ್ನು ಹಿನ್ನೆಲೆಗೆ ಹಾಕಿ, ಪ್ರತಿ ಹೆಸರಿನ ಮೇಲೆ ಅಕ್ಷರವಿಲ್ಲದ ಖಾಲಿ ಬಟನ್ ಇಡಿ. ನಾನು ಮೇಲೆ ‘ನಿಮ್ಮದೇ ಹಿನ್ನೆಲೆ, ಬೇಕಾದ ಜಾಗದಲ್ಲಿ ಬಟನ್’ ಅಂತ ಪಟ್ಟು ಹಿಡಿದದ್ದು ಇದಕ್ಕೇ.

ಚಿತ್ರ ಮಾಡುವಾಗ ಅಳತೆ ಗಮನದಲ್ಲಿರಲಿ. ಪಾಲ್ (ಭಾರತದಲ್ಲಿ ನಡೆಯುವ ಟಿವಿ ಪದ್ಧತಿ) ಡಿವಿಡಿಯ ಚಿತ್ರ 720 ಪಿಕ್ಸೆಲ್ ಅಗಲ, 576 ಪಿಕ್ಸೆಲ್ ಎತ್ತರ. ಆದರೆ ಟಿವಿಯಲ್ಲಿ ಅದು ಎಳೆದುಕೊಂಡು ಕಾಣುತ್ತದೆ. ಹಳೆಯ ಚೌಕ ಟಿವಿಯ 4:3 ಮೆನು ಆದರೆ 768×576ರಲ್ಲಿ ಚಿತ್ರ ಬರೆಯಿರಿ. 16:9 ಆದರೆ 1024×576ರಲ್ಲಿ. ಕೊನೆಗೆ ಅನುಪಾತದ ಬೀಗ ತೆಗೆದು 720×576ಕ್ಕೆ ಕುಗ್ಗಿಸಿ. ನೇರವಾಗಿ 720ರಲ್ಲೇ ಬರೆದರೆ ವಧೂವರರ ಮುಖ ಅಗಲವಾಗಿ ಕಾಣುತ್ತದೆ. ಹಳೆಯ ಪಿಕ್ಚರ್ ಟ್ಯೂಬ್ ಟಿವಿಗಳು ಅಂಚನ್ನು ನುಂಗುತ್ತವೆ. ಆದ್ದರಿಂದ ಅಕ್ಷರಗಳು ಪರದೆಯ ನಡುವಿನ ಶೇ 80ರ ಒಳಗೆ ಇರಲಿ.

ಇನ್ನೊಂದು ಸೂಕ್ಷ್ಮ ನಮ್ಮ ಲಿಪಿಯದೇ. ಆ ಟಿವಿಗಳಲ್ಲಿ ತೆಳ್ಳಗಿನ ಅಡ್ಡಗೆರೆ ಮಿಣಮಿಣ ಅನ್ನುತ್ತದೆ, ಯಾಕೆಂದರೆ ಅವು ಒಂದು ಸಲಕ್ಕೆ ಸಾಲು ಬಿಟ್ಟು ಸಾಲು ಬಿಡಿಸುತ್ತವೆ. ಕನ್ನಡದ ತಲೆಕಟ್ಟು ಅಡ್ಡಗೆರೆ ತಾನೇ. ತೆಳು ಫಾಂಟ್ ಹಾಕಿದರೆ ಸಾಲಿಗೆ ಸಾಲೇ ನಡುಗುತ್ತದೆ, ಕಣ್ಣಿಗೆ ನೋವು. ತಲೆಕಟ್ಟು ಕನಿಷ್ಠ ಮೂರು ಪಿಕ್ಸೆಲ್ ದಪ್ಪ ಇರುವಂಥ ಬೋಲ್ಡ್ ಫಾಂಟ್ ಹಾಕಿ. ಸಾಲುಗಳ ನಡುವೆ ಒತ್ತಕ್ಷರಕ್ಕೆ ಧಾರಾಳ ಜಾಗ ಬಿಡಿ.

ಉಚಿತವಾದವು

ಮೊದಲು ಡಿವಿಡಿ ಸ್ಟೈಲರ್. ಮನೆಮಟ್ಟಿಗೆ ಮೆನು ಮಾಡುವ ಹೆಚ್ಚಿನವರಿಗೆ ಇದನ್ನೇ ಹೇಳುತ್ತೇನೆ. ಮುಕ್ತ ತಂತ್ರಾಂಶ, ಕಾಸು ಕೊಡಬೇಕಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ. ಶುರುವಿನಲ್ಲೇ ಡಿಸ್ಕ್‌ನ ಅಳತೆ, ಪಾಲ್ ಅಥವಾ ಎನ್‌ಟಿಎಸ್‌ಸಿ (ಅಮೆರಿಕದ ಕಡೆಯ ಟಿವಿ ಪದ್ಧತಿ), 4:3 ಅಥವಾ 16:9 ಕೇಳುತ್ತದೆ. ಮುಂದೆ ಟೆಂಪ್ಲೇಟ್ ಪಟ್ಟಿ ಬರುತ್ತದೆ. ಅದನ್ನು ಆರಿಸದೆ ಖಾಲಿಯಾಗಿ ಮುಂದುವರಿಯಿರಿ. ನಿಮ್ಮ ಚಿತ್ರವನ್ನು ಎಳೆದು ಹಾಕಿದರೆ ಅದೇ ಹಿನ್ನೆಲೆ. ಬಟನ್‌ಗಳನ್ನು ಎಳೆದು ಎಲ್ಲಿ ಬೇಕೋ ಅಲ್ಲಿ ಬಿಡಬಹುದು. ಒಂದೊಂದು ಬಟನ್ ಮೇಲೂ ಎರಡು ಸಲ ಕ್ಲಿಕ್ ಮಾಡಿದರೆ ಅದು ಯಾವ ವಿಡಿಯೋಗೆ, ಯಾವ ಅಧ್ಯಾಯಕ್ಕೆ ಹೋಗಬೇಕು ಅಂತ ಹೇಳುವ ಕಿಟಕಿ ತೆರೆಯುತ್ತದೆ. ವಿಡಿಯೋ ಮುಗಿದ ಮೇಲೆ ಮೆನುಗೆ ವಾಪಸ್ ಬರುವ ಆದೇಶವನ್ನೂ ಈ ಸಾಫ್ಟ್‌ವೇರ್‌ನಲ್ಲೇ ಬರೆಯಬಹುದು.

ಕೊರತೆಯೂ ಇದೆ. ಮೆನುವನ್ನು ರಿಮೋಟ್‌ನಲ್ಲಿ ಆಡಿಸಿದ ಹಾಗೆ ಒಳಗೇ ಪರೀಕ್ಷಿಸುವ ಅನುಕೂಲ ದೊಡ್ಡ ಸಾಫ್ಟ್‌ವೇರ್‌ಗಳಲ್ಲಿ ಇರುವಷ್ಟು ಇಲ್ಲಿಲ್ಲ. ಡಿವಿಡಿ ಫೋಲ್ಡರ್ ತಯಾರಿಸಿ, ಅದನ್ನು ಕಂಪ್ಯೂಟರ್‌ನ ವಿಎಲ್‌ಸಿ ವಿಡಿಯೋ ಪ್ಲೇಯರ್‌ನಲ್ಲಿ ತೆರೆದು ನೋಡಬೇಕು. ಬದಲಾವಣೆ ಬೇಕಾದರೆ ಮತ್ತೆ ತಯಾರಿಸಬೇಕು. ಎರಡು ಗಂಟೆಯ ವಿಡಿಯೋ ಆದರೆ ಪ್ರತಿ ಸಲ ಕಾಯಬೇಕು. ಅದಕ್ಕೆ ಒಂದು ಉಪಾಯ: ಮೊದಲು ಅರ್ಧ ನಿಮಿಷದ ತುಣುಕುಗಳನ್ನು ಹಾಕಿ ಮೆನು ಪೂರ್ತಿ ಸರಿಮಾಡಿಕೊಳ್ಳಿ. ಕೊನೆಗೆ ನಿಜವಾದ ವಿಡಿಯೋ ಸೇರಿಸಿ. ಡೌನ್‌ಲೋಡ್ ಅದರ ಸ್ವಂತ ತಾಣದಿಂದಲೇ ಮಾಡಿ. ಇನ್‌ಸ್ಟಾಲ್ ಮಾಡುವಾಗ ಪ್ರತಿ ಪುಟ ಓದಿ, ಬೇರೆ ಯಾವುದಾದರೂ ಪ್ರೋಗ್ರಾಂ ಸೇರಿಸಲೇ ಅಂತ ಕೇಳಿದರೆ ಬೇಡ ಅನ್ನಿ. ಉಚಿತ ಸಾಫ್ಟ್‌ವೇರ್ ಯಾವುದೇ ಆದರೂ ಈ ಎಚ್ಚರ ಒಳ್ಳೆಯದು.

ಡಿವಿಡಿ ಫ್ಲಿಕ್ ವಿಂಡೋಸ್‌ಗೆ ಮಾತ್ರ. ಅದರ ಕೊನೆಯ ಆವೃತ್ತಿ ಬಂದದ್ದು 2009ರಲ್ಲಿ. ವಿಡಿಯೋಗಳನ್ನು ಸಾಲಾಗಿ ಹಾಕಿ ಡಿಸ್ಕ್ ಮಾಡಲು ಬಹಳ ಸುಲಭ. ಆದರೆ ಮೆನು ವಿಷಯದಲ್ಲಿ ಅದು ಕೊಟ್ಟ ಕೆಲವೇ ವಿನ್ಯಾಸಗಳಲ್ಲಿ ಒಂದನ್ನು ಒಪ್ಪಿಕೊಳ್ಳಬೇಕು. ಬಟನ್ ಸರಿಸಲು ಆಗುವುದಿಲ್ಲ. ಮೆನುವೇ ಬೇಡ, ಡಿಸ್ಕ್ ಹಾಕಿದ ಕೂಡಲೇ ವಿಡಿಯೋ ಓಡಲಿ ಅನ್ನುವವರಿಗೆ ಇದು ಸಾಕು. ಲಿನಕ್ಸ್‌ನಲ್ಲಿ ಡಿವೀಡ್ ಎನ್‌ಜಿ ಇಂಥದ್ದೇ ಸರಳ ಸಾಧನ. ಹಿನ್ನೆಲೆ ಚಿತ್ರ ಬದಲಿಸಬಹುದು, ವಿಡಿಯೋ ಹೆಸರುಗಳು ಪಟ್ಟಿಯಾಗಿ ಬರುತ್ತವೆ, ಅಲ್ಲಿಗೆ ಮುಗಿಯಿತು.

ಡಿವಿಡಿ ಆಥರ್ ಅನ್ನುವುದು ಕಪ್ಪು ಕಿಟಕಿಯಲ್ಲಿ ಆದೇಶ ಟೈಪ್ ಮಾಡುವ ಸಾಧನ. ಡಿವಿಡಿ ಸ್ಟೈಲರ್ ಕೂಡ ಒಳಗೆ ಬಳಸುವುದು ಇದನ್ನೇ. ಮೆನುವಿನ ರಚನೆಯನ್ನು ಒಂದು ಎಕ್ಸ್‌ಎಂಎಲ್ ಕಡತದಲ್ಲಿ (ಗುರುತುಗಳನ್ನು ಹಾಕಿ ಬರೆಯುವ ಪಠ್ಯ ಕಡತ) ಬರೆಯಬೇಕು. ಬಟನ್ ಪದರವನ್ನು ಅದರ ಜೊತೆ ಬರುವ ಸ್ಪುಮಕ್ಸ್ ಅನ್ನುವ ಸಣ್ಣ ಪ್ರೋಗ್ರಾಂ ವಿಡಿಯೋಗೆ ಹೊಲಿಯುತ್ತದೆ. ಕಲಿಯಲು ಸಮಯ ಬೇಕು. ಆದರೆ ಇದರ ಬೆಲೆ ಗೊತ್ತಾಗುವುದು ಒಂದೇ ಥರದ ಡಿಸ್ಕ್‌ಗಳನ್ನು ಸಾಲಾಗಿ ಮಾಡಬೇಕಾದಾಗ. ಒಂದು ಯಕ್ಷಗಾನ ತಂಡದ ಹಳೆಯ ಟೇಪುಗಳನ್ನೆಲ್ಲ ಡಿವಿಡಿಗೆ ಇಳಿಸಬೇಕು ಅಂದುಕೊಳ್ಳಿ. ಪ್ರತಿ ಪ್ರಸಂಗಕ್ಕೂ ಮೆನುವಿನ ವಿನ್ಯಾಸ ಒಂದೇ, ಹಿನ್ನೆಲೆ ಚಿತ್ರ ಮತ್ತು ಅಧ್ಯಾಯದ ಸಮಯ ಮಾತ್ರ ಬೇರೆ. ಎಕ್ಸ್‌ಎಂಎಲ್‌ನಲ್ಲಿ ಆ ನಾಲ್ಕಾರು ಅಂಕಿ ಬದಲಿಸಿದರೆ ಮುಂದಿನ ಡಿಸ್ಕ್ ಸಿದ್ಧ. ಮೌಸ್ ಹಿಡಿದು ಪ್ರತಿ ಸಲ ಬಟನ್ ಜೋಡಿಸುವ ಕೆಲಸ ಇಲ್ಲ. ಇಂಥ ಕೆಲಸ ಕೈಗೆತ್ತಿಕೊಂಡವರಿಗೆ ನಾನು ಮನಸಾರೆ ಇದನ್ನೇ ಶಿಫಾರಸು ಮಾಡುತ್ತೇನೆ.

ಕಾಸು ಕೊಡುವವು, ಮತ್ತು ಹಳೆಯ ದೊಡ್ಡವರು

ಅಡೋಬ್ ಎನ್‌ಕೋರ್ ಬಗ್ಗೆ ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ಅಡೋಬ್‌ನ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಪ್ರೋ ಜೊತೆ ಬರುತ್ತಿತ್ತು. 2012ರ ಸಿಎಸ್6 ಅದರ ಕೊನೆಯ ಆವೃತ್ತಿ. ಮೆನು ಕೆಲಸಕ್ಕೆ ಅದರಷ್ಟು ಹದವಾದ ಸಾಧನ ಕಡಿಮೆ. ಮೆನುವನ್ನು ಫೋಟೋಶಾಪ್ ಕಡತವಾಗಿಯೇ ಇಟ್ಟುಕೊಳ್ಳುತ್ತದೆ. ಲೇಯರ್‌ಗಳ ಗುಂಪಿನ ಹೆಸರಿನ ಮುಂದೆ (+) ಹಾಕಿದರೆ ಅದು ಬಟನ್. (=1) ಅಂತ ಹಾಕಿದ ಲೇಯರ್ ಹೈಲೈಟ್ ಪದರ. (%) ಹಾಕಿದರೆ ಅಲ್ಲಿ ವಿಡಿಯೋದ ಸಣ್ಣ ಚಿತ್ರ ಓಡುತ್ತದೆ. ಯಾವ ಬಟನ್ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಪೂರ್ತಿ ನಕ್ಷೆಯಾಗಿ ನೋಡಬಹುದು. ಎಲ್ಲಾದರೂ ಕೊಂಡಿ ತಪ್ಪಿದ್ದರೆ ಹುಡುಕಿ ಕೊಡುತ್ತದೆ. ಈಗಾಗಲೇ ಪರವಾನಗಿ ಇರುವ, ಹಳೆಯ ಕಂಪ್ಯೂಟರ್‌ನಲ್ಲಿ ಅದು ಓಡುತ್ತಿರುವ ಸ್ಟುಡಿಯೋದವರು ದಯವಿಟ್ಟು ಆ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಬೇಡಿ. ಹೊಸಬರು ಮಾತ್ರ ಇದರ ಹಿಂದೆ ಹೋಗುವುದು ಬೇಡ. ಅಡೋಬ್ ಅದನ್ನು ಮಾರುವುದು ನಿಲ್ಲಿಸಿದೆ. ‘ಪೂರ್ತಿ ಉಚಿತ’ ಅಂತ ಸಿಗುವ ಕದ್ದ ಪ್ರತಿಗಳಲ್ಲಿ ವೈರಸ್ ಇರುವ ಅಪಾಯ ಜಾಸ್ತಿ. ಇನ್ನೊಬ್ಬರ ಮದುವೆಯ ವಿಡಿಯೋ ಇಟ್ಟುಕೊಂಡ ಕಂಪ್ಯೂಟರ್‌ನಲ್ಲಿ ಅಂಥದ್ದನ್ನು ಹಾಕಬಾರದು.

ಎನ್‌ಕೋರ್ ಜಾಗಕ್ಕೆ ಹತ್ತಿರ ಬರುವುದು ಡಿವಿಡಿ ಆರ್ಕಿಟೆಕ್ಟ್. ಸೋನಿಯವರ ವೇಗಸ್ ಎಡಿಟಿಂಗ್ ಸಾಫ್ಟ್‌ವೇರ್ ಜೊತೆಗಿನದು. 2016ರಲ್ಲಿ ಅದು ಮ್ಯಾಜಿಕ್ಸ್ ಕಂಪನಿಯ ಕೈಗೆ ಹೋಯಿತು. ಡಿವಿಡಿ, ಬ್ಲೂರೇ ಎರಡೂ ಮಾಡುತ್ತದೆ. ಪ್ರತಿ ವಿಡಿಯೋಗೂ ಮುಗಿದ ಮೇಲೆ ಏನಾಗಬೇಕು ಅಂತ ಹೇಳುವ ಜಾಗ ಎದುರಿಗೇ ಇದೆ. ಪರದೆಯ ಮೇಲಿನ ರಿಮೋಟ್‌ನಲ್ಲಿ ಮೆನುವನ್ನು ಆಡಿಸಿ ನೋಡಬಹುದು. ಬಟನ್‌ನಿಂದ ಬಟನ್‌ಗೆ ಬಾಣದ ದಾರಿಯನ್ನು ನೀವೇ ಎಳೆಯಬಹುದು. ವೇಗಸ್‌ನಲ್ಲೇ ಎಡಿಟ್ ಮಾಡುವವರಿಗೆ ಇದು ಸಹಜ ಆಯ್ಕೆ. ವೇಗಸ್‌ನ ಎಲ್ಲ ಪ್ಯಾಕ್‌ಗಳಲ್ಲೂ ಇದು ಸಿಗುತ್ತದೆ ಅಂದುಕೊಳ್ಳದೆ, ಕೊಳ್ಳುವ ಮೊದಲು ಪ್ಯಾಕ್‌ನ ವಿವರ ಓದಿ.

ಜಪಾನಿನ ಪೆಗಾಸಿಸ್ ಕಂಪನಿಯ ಟಿಎಂಪಿಜಿಎನ್‌ಸಿ ಆಥರಿಂಗ್ ವರ್ಕ್ಸ್ ಇನ್ನೊಂದು ಒಳ್ಳೆಯ ಸಾಧನ, ವಿಂಡೋಸ್‌ಗೆ ಮಾತ್ರ. ಇದರ ದೊಡ್ಡ ಬಲ ಮೆನು ಅಲ್ಲ, ವಿಡಿಯೋವನ್ನು ಸುಮ್ನೆ ಮತ್ತೆ ಮತ್ತೆ ಸಂಕುಚಿಸದೆ ಇರುವುದು. ನಿಮ್ಮ ಬಳಿ ಇರುವುದು ಈಗಾಗಲೇ ಡಿವಿಡಿ ನಿಯಮಕ್ಕೆ ಹೊಂದುವ ಎಂಪೆಗ್-2 ಆಗಿದ್ದರೆ, ಕತ್ತರಿಸಿದ ಜಾಗದ ಸುತ್ತ ಮಾತ್ರ ಹೊಸದಾಗಿ ಸಂಕುಚಿಸಿ ಉಳಿದದ್ದನ್ನು ಹಾಗೇ ಬಿಡುತ್ತದೆ. ಹಳೆಯ ಡಿವಿಡಿ ರೆಕಾರ್ಡರ್‌ನಲ್ಲಿ ಹಿಡಿದ ಕಾರ್ಯಕ್ರಮಗಳನ್ನು ಸರಿಯಾಗಿ ಜೋಡಿಸಿ, ಮೆನು ಹಾಕಿ ಕೊಡಬೇಕಾದವರಿಗೆ ಇದು ಗುಣಮಟ್ಟವನ್ನೂ ಸಮಯವನ್ನೂ ಉಳಿಸುತ್ತದೆ. ಮೆನುವಿನಲ್ಲಿ ಟೆಂಪ್ಲೇಟ್‌ನಿಂದ ಶುರುಮಾಡಿ ಬದಲಿಸುತ್ತಾ ಹೋಗಬೇಕು.

ನೀರೋ ವಿಡಿಯೋ, ಕೋರೆಲ್ ವಿಡಿಯೋಸ್ಟುಡಿಯೋ ಥರದ ಮನೆಬಳಕೆಯ ಎಡಿಟಿಂಗ್ ಪ್ಯಾಕ್‌ಗಳ ಒಳಗೂ ಡಿಸ್ಕ್ ಮಾಡುವ ಭಾಗ ಬಂದಿದೆ. ಅವು ನಿಮ್ಮಲ್ಲಿ ಈಗಾಗಲೇ ಇದ್ದರೆ ಬಳಸಿ. ಬರೀ ಮೆನುಗಾಗಿ ಅವನ್ನು ಕೊಳ್ಳುವುದು ದಂಡ.

ವಿಂಡೋಸ್ ವಿಸ್ಟಾ ಮತ್ತು 7ರಲ್ಲಿ ಇದ್ದ ಡಿವಿಡಿ ಮೇಕರ್ ಅನ್ನು ಈಗಲೂ ಕೇಳುವವರಿದ್ದಾರೆ. ವಿಂಡೋಸ್ 8ರಿಂದ ಅದು ಇಲ್ಲ. ಮ್ಯಾಕ್‌ನಲ್ಲಿ ಐಡಿವಿಡಿ ಎಲ್ಲರ ಮೆಚ್ಚಿನದಾಗಿತ್ತು. 2011ರ ನಂತರ ಹೊಸ ಮ್ಯಾಕ್‌ಗಳಲ್ಲಿ ಅದು ಬರುವುದು ನಿಂತಿತು. 2019ರ ಕ್ಯಾಟಲಿನಾದಿಂದ ಈಚೆಗೆ 32 ಬಿಟ್ ಪ್ರೋಗ್ರಾಂಗಳೇ ತೆರೆಯುವುದಿಲ್ಲವಾದ್ದರಿಂದ ಐಡಿವಿಡಿಯೂ ಇಲ್ಲ, ಡಿವಿಡಿ ಸ್ಟುಡಿಯೋ ಪ್ರೋ ಕೂಡ ಇಲ್ಲ. ಮ್ಯಾಕ್‌ನವರು ನೋಡಬಹುದಾದವುಗಳಲ್ಲಿ ಕಾಸು ಕೊಟ್ಟು ತರುವ ರಾಕ್ಸಿಯೋ ಟೋಸ್ಟ್ ಒಂದು, ಡಿವಿಡಿ ಸ್ಟೈಲರ್ ಇನ್ನೊಂದು. ಡಾವಿಂಚಿ ರಿಸಾಲ್ವ್‌ನಲ್ಲಿ ಎಡಿಟ್ ಮಾಡುವವರು ಒಂದು ಗಮನಿಸಿ: ಅದು ಎಡಿಟಿಂಗ್‌ಗೆ ಅದ್ಭುತ, ಆದರೆ ಡಿವಿಡಿ ಮೆನು ಮಾಡುವುದಿಲ್ಲ. ಹ್ಯಾಂಡ್‌ಬ್ರೇಕ್ ಕೂಡ ಅಷ್ಟೇ. ಅದು ಡಿವಿಡಿಯಿಂದ ಫೈಲ್ ತೆಗೆಯುವುದಕ್ಕೆ ಇರುವುದು, ಡಿವಿಡಿ ಮಾಡುವುದಕ್ಕಲ್ಲ.

ಆರಿಸುವ ಮೊದಲೇ ತೀರ್ಮಾನ ಆಗಬೇಕಾದವು

ಡಿಸ್ಕ್ ಯಾರಿಗೆ ಹೋಗುತ್ತದೆ ಅನ್ನುವುದು ಮೊದಲ ಪ್ರಶ್ನೆ. ಭಾರತದಲ್ಲಿ ಪಾಲ್. ಬ್ರಿಟನ್, ಆಸ್ಟ್ರೇಲಿಯಾ, ಸಿಂಗಪುರ, ದುಬೈಗಳಲ್ಲೂ ಪಾಲ್. ಅಮೆರಿಕ, ಕೆನಡಾದಲ್ಲಿ ಎನ್‌ಟಿಎಸ್‌ಸಿ. ನಮ್ಮ ಕಡೆಯ ಹೆಚ್ಚಿನ ಪ್ಲೇಯರ್‌ಗಳು ಎರಡನ್ನೂ ಓದುತ್ತವೆ. ಅಮೆರಿಕದ ಪ್ಲೇಯರ್‌ಗಳಲ್ಲಿ ಅನೇಕವು ಪಾಲ್ ಡಿಸ್ಕ್ ಓದುವುದಿಲ್ಲ. ಮದುವೆಯ ಡಿಸ್ಕ್ ನ್ಯೂಜೆರ್ಸಿಯ ಅಕ್ಕನ ಮನೆಗೂ ಹೋಗಬೇಕಿದ್ದರೆ ಅವರಿಗೆ ಬೇರೆಯಾಗಿ ಎನ್‌ಟಿಎಸ್‌ಸಿ ಪ್ರತಿ ಮಾಡಿ. ಅದರ ಚಿತ್ರದ ಅಳತೆ 720×480. ಅಂದರೆ ಮೆನುವಿನ ಚಿತ್ರವನ್ನೂ ಮತ್ತೊಮ್ಮೆ ಆ ಅಳತೆಗೆ ಮಾಡಬೇಕು. ಸೆಕೆಂಡಿಗೆ 25 ಫ್ರೇಮ್‌ನ ವಿಡಿಯೋವನ್ನು 29.97ಕ್ಕೆ ಬದಲಿಸುವಾಗ ಓಡಾಟ ಸ್ವಲ್ಪ ತಡವರಿಸಿದಂತೆ ಕಾಣಬಹುದು. ಈ ಪರಿವರ್ತನೆಯನ್ನು ಮೆನು ಸಾಫ್ಟ್‌ವೇರ್‌ಗೆ ಬಿಡದೆ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲೇ ಮಾಡಿಕೊಂಡರೆ ಉತ್ತಮ. ಪ್ರದೇಶ ಸಂಕೇತದ (ಡಿಸ್ಕ್ ಯಾವ ಪ್ರದೇಶದ ಪ್ಲೇಯರ್‌ಗಳಲ್ಲಿ ಓಡಬೇಕು ಅನ್ನುವ ಗುರುತು) ವಿಷಯದಲ್ಲಿ ಭಾರತ 5ನೇ ಪ್ರದೇಶ, ಅಮೆರಿಕ 1ನೇದು. ಸಾಫ್ಟ್‌ವೇರ್‌ನಲ್ಲಿ ಆ ಆಯ್ಕೆ ಕಂಡರೆ ಎಲ್ಲ ಪ್ರದೇಶ ಅಂತಲೇ ಇರಲಿ.

ಎರಡನೆಯದು ಟಿವಿಯ ಆಕಾರ. ನೋಡುವವರಲ್ಲಿ ಹಳೆಯ ಚೌಕ ಟಿವಿ ಇದ್ದರೆ ಮೆನುವನ್ನು 4:3ರಲ್ಲೇ ಮಾಡಿ, ವಿಡಿಯೋ 16:9 ಇದ್ದರೂ ಸರಿ. ಮೆನುಗೆ ಒಂದು ಆಕಾರ, ವಿಡಿಯೋಗೆ ಇನ್ನೊಂದು ಇಡಲು ಡಿವಿಡಿ ನಿಯಮ ಬಿಡುತ್ತದೆ. ಅಗಲ ಮೆನುವನ್ನು ಚೌಕ ಟಿವಿಯಲ್ಲಿ ಹಾಕಿದಾಗ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ. ಅದಕ್ಕೆ ಬೇರೆ ಹೈಲೈಟ್ ಪದರ ಬೇಕು. ಅದನ್ನು ಸಾಫ್ಟ್‌ವೇರ್ ಸರಿಯಾಗಿ ಮಾಡದಿದ್ದರೆ ಹೆಸರು ಒಂದು ಕಡೆ, ಹೈಲೈಟ್ ಇನ್ನೊಂದು ಕಡೆ ಆಗುತ್ತದೆ.

ಮೂರನೆಯದು ಜಾಗ. ಒಂದು ಪದರದ ಡಿಸ್ಕ್ ಹಿಡಿಸುವುದು 4.7 ಜಿಬಿ. ಎರಡು ಗಂಟೆಯ ವಿಡಿಯೋ ಆದರೆ ಚಿತ್ರ, ಧ್ವನಿ ಎಲ್ಲ ಸೇರಿ ಸೆಕೆಂಡಿಗೆ ಸುಮಾರು 5.2 ಮೆಗಾಬಿಟ್ ಸಿಗುತ್ತದೆ. ಚೆನ್ನಾಗಿ ಕಾಣುತ್ತದೆ. ಮೂರು ಗಂಟೆ ತುಂಬಿದರೆ 3.5ಕ್ಕೆ ಇಳಿಯುತ್ತದೆ. ಆರತಕ್ಷತೆಯ ಮಿನುಗುವ ದೀಪಗಳು, ಜರಿ ಸೀರೆಗಳು ಚೌಕ ಚೌಕವಾಗಿ ಒಡೆಯುತ್ತವೆ. ಆಗ ಎರಡು ಡಿಸ್ಕ್ ಮಾಡಿ, ಒಂದರಲ್ಲಿ ನಾಂದಿಯಿಂದ ಸಪ್ತಪದಿ ತನಕ, ಇನ್ನೊಂದರಲ್ಲಿ ಆರತಕ್ಷತೆ. ಮೆನುವಿನಲ್ಲಿ ‘ಮೊದಲ ಡಿಸ್ಕ್’, ‘ಎರಡನೇ ಡಿಸ್ಕ್’ ಅಂತ ದೊಡ್ಡದಾಗಿ ಬರೆಯಿರಿ. ಇಷ್ಟರ ನಡುವೆ ಮೆನು ತಿನ್ನುವ ಜಾಗ ಬಹಳ ಕಡಿಮೆ. ಅರ್ಧ ನಿಮಿಷ ಓಡುವ ಚಲಿಸುವ ಮೆನು ಕೂಡ ಸೆಕೆಂಡಿಗೆ 8 ಮೆಗಾಬಿಟ್‌ನಲ್ಲಿ 30 ಎಂಬಿ ಮಾತ್ರ. ಜಾಗದ ಕಾರಣಕ್ಕೆ ಚಲಿಸುವ ಮೆನು ಬಿಡಬೇಕಿಲ್ಲ. ಆದರೆ ಸುತ್ತು ಮುಗಿದು ಮತ್ತೆ ಶುರುವಾಗುವಾಗ ಪ್ಲೇಯರ್ ಒಂದು ಕ್ಷಣ ತಡೆಯುತ್ತದೆ, ನಾದಸ್ವರ ನಡುವೆ ಕಡಿಯುತ್ತದೆ. ಹಿನ್ನೆಲೆ ಸಂಗೀತವನ್ನು ಕೊನೆಯಲ್ಲಿ ಮೆಲ್ಲಗೆ ತಗ್ಗಿಸಿದರೆ ಕಿವಿಗೆ ಹಿತ. ನನಗಂತೂ ನಿಂತ ಚಿತ್ರದ ಮೆನುವೇ ಇಷ್ಟ. ಅವಸರವಿಲ್ಲದೆ ಓದಬಹುದು.

ಹಾಗಾದರೆ ಯಾರಿಗೆ ಯಾವುದು

ಮನೆಯ ಒಂದು ಕಾರ್ಯಕ್ರಮ, ಒಂದಿಷ್ಟು ಪ್ರತಿಗಳು ಅನ್ನುವವರು ಜಿಂಪ್‌ನಲ್ಲಿ ಚಿತ್ರ ಮಾಡಿ ಡಿವಿಡಿ ಸ್ಟೈಲರ್‌ನಲ್ಲಿ ಬಟನ್ ಇಡಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಫೋಟೋ, ವಿಡಿಯೋ ಸ್ಟುಡಿಯೋ ನಡೆಸುವವರು ಎನ್‌ಕೋರ್ ಇದ್ದರೆ ಅದರಲ್ಲೇ ಮುಂದುವರಿಯಿರಿ, ಇಲ್ಲದಿದ್ದರೆ ಡಿವಿಡಿ ಆರ್ಕಿಟೆಕ್ಟ್ ನೋಡಿ. ಸಂಘ ಸಂಸ್ಥೆಗಳು, ಗ್ರಂಥಾಲಯಗಳು, ಕಲಾತಂಡಗಳು ಸಾಲು ಸಾಲು ಡಿಸ್ಕ್ ಮಾಡುವುದಿದ್ದರೆ ಕಂಪ್ಯೂಟರ್ ಚೆನ್ನಾಗಿ ಬಲ್ಲ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಹಿಡಿದು ಡಿವಿಡಿ ಆಥರ್ ಕಲಿಸಿ. ಹಳೆಯ ಎಂಪೆಗ್-2 ರಾಶಿ ಇರುವವರಿಗೆ ಟಿಎಂಪಿಜಿಎನ್‌ಸಿ.

ಕಾಸು ಕೊಡುವ ಯಾವುದೇ ಸಾಫ್ಟ್‌ವೇರ್ ಆದರೂ ಮೊದಲು ಅದರ ಪ್ರಾಯೋಗಿಕ ಆವೃತ್ತಿ ಇದೆಯೇ ನೋಡಿ. ಇದ್ದರೆ ಒಂದು ಪೂರ್ತಿ ಸುತ್ತು ಮಾಡಿ. ಎರಡು ಸಾಲು ಬಟನ್ ಇರುವ ಒಂದು ಮೆನು, ಮೂರು ಸಣ್ಣ ವಿಡಿಯೋ ಸಾಕು. ಮರುಬಳಕೆಯ ಡಿವಿಡಿ-ಆರ್‌ಡಬ್ಲ್ಯೂಗೆ ರೈಟ್ ಮಾಡಿ, ನಿಜವಾದ ಪ್ಲೇಯರ್‌ಗೆ ಹಾಕಿ. ಕೆಲವು ಹಳೆಯ ಪ್ಲೇಯರ್‌ಗಳು ಆರ್‌ಡಬ್ಲ್ಯೂ ಓದುವುದಿಲ್ಲ, ಆಗ ಒಂದು ಡಿವಿಡಿ-ಆರ್ ಬಳಸಿ. ನಾಲ್ಕೂ ಬಾಣ ಒತ್ತಿ ನೋಡಿ. ಬಲಬಾಣ ಒತ್ತಿದರೆ ಪಕ್ಕದ ಬಟನ್‌ಗೆ ಹೋಗದೆ ಎಲ್ಲೋ ಕೆಳಗೆ ಹಾರಿದರೆ ಆ ಸಾಫ್ಟ್‌ವೇರ್ ಬಾಣದ ದಾರಿಯನ್ನು ತಾನೇ ಊಹಿಸುತ್ತಿದೆ ಅಂತ ಅರ್ಥ. ಅದನ್ನು ಕೈಯಿಂದ ತಿದ್ದಲು ಬರದಿದ್ದರೆ ಕೊಳ್ಳಬೇಡಿ. ವಿಡಿಯೋ ನಡುವೆ ರಿಮೋಟ್‌ನ ಮೆನು ಗುಂಡಿ ಒತ್ತಿ. ವಾಪಸ್ ಬರುತ್ತದೆಯೇ? ವಿಡಿಯೋ ಮುಗಿಯುವ ತನಕ ಕಾದು ನೋಡಿ. ಕಪ್ಪು ಪರದೆಯಲ್ಲಿ ನಿಂತರೆ, ಮನೆಯ ಹಿರಿಯರು ಪ್ಲೇಯರ್ ಕೆಟ್ಟಿತು ಅಂದುಕೊಳ್ಳುತ್ತಾರೆ. ಕಂಪ್ಯೂಟರ್‌ನ ವಿಎಲ್‌ಸಿ ಬಹಳ ತಪ್ಪುಗಳನ್ನು ಸಹಿಸಿಕೊಳ್ಳುತ್ತದೆ. ಅಲ್ಲಿ ಸರಿ ಕಂಡದ್ದು ಪ್ಲೇಯರ್‌ನಲ್ಲಿ ಕೈಕೊಡಬಹುದು.

ಕೊನೆಯ ರೈಟಿಂಗ್‌ಗೆ ವಿಂಡೋಸ್‌ನಲ್ಲಿ ಇಮ್ಗ್‌ಬರ್ನ್ ಉಚಿತವಾಗಿ ಸಿಗುತ್ತದೆ. 2013ರ ಆವೃತ್ತಿಯಾದರೂ ಕೆಲಸ ಪಕ್ಕಾ. ಸಾಫ್ಟ್‌ವೇರ್ ತಯಾರಿಸಿದ ವಿಡಿಯೋ ಟಿಎಸ್ ಫೋಲ್ಡರ್ ಅನ್ನು ಡೇಟಾ ಡಿಸ್ಕ್ ಅಂತ ಸುಮ್ನೆ ಕಾಪಿ ಮಾಡದೆ, ಡಿವಿಡಿ ವಿಡಿಯೋ ಅಂತಲೇ ರೈಟ್ ಮಾಡಿ. ವೇಗ 4x ಅಥವಾ 8x ಇರಲಿ, ಮುಗಿದ ಮೇಲೆ ಪರಿಶೀಲನೆ ಮಾಡುವ ಆಯ್ಕೆ ಆನ್ ಇರಲಿ. ಡಿಸ್ಕ್ ಮೇಲೆ ಕಾಗದದ ಲೇಬಲ್ ಅಂಟಿಸಬೇಡಿ, ಡಿಸ್ಕ್‌ಗೆಂದೇ ಇರುವ ಮಾರ್ಕರ್‌ನಲ್ಲಿ ಬರೆಯಿರಿ. ಡಿವಿಡಿ-ಆರ್‌ನಲ್ಲಿ ವಿಡಿಯೋ ಉಳಿಯುವುದು ಒಂದು ಬಣ್ಣದ ಪದರದಲ್ಲಿ. ಬಿಸಿಲು, ಸೆಕೆಗೆ ಅದು ಹಾಳಾಗುತ್ತದೆ. ಆದ್ದರಿಂದ ಐಎಸ್‌ಒ ಕಡತ (ಇಡೀ ಡಿಸ್ಕ್‌ನ ನಕಲು), ಮೆನು ಪ್ರಾಜೆಕ್ಟ್ ಕಡತ, ಲೇಯರ್ ಸಮೇತ ಇರುವ ಮೆನು ಚಿತ್ರ ಮತ್ತು ಬಳಸಿದ ಫಾಂಟ್, ಈ ನಾಲ್ಕನ್ನೂ ಒಂದೇ ಫೋಲ್ಡರ್‌ನಲ್ಲಿ ಸೇರಿಸಿ ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಇಡಿ.